ಆಕಾಶದಿಂದ ಬಂದ ಪಾಠ: ದೂರಶಾಲೆಗಳ ಚರಿತ್ರೆಯಲ್ಲಿ ಕರ್ನಾಟಕ ಮತ್ತು ಕೀನ್ಯಾ

(ನಮ್ಮ ಕೂಟದ ಆಶ್ರಯದಲ್ಲಿ ನೈರೋಬಿಯ ರಿವರ್‌ಸೈಡ್‌ನಲ್ಲಿ ನಡೆದ ಅತಿಥಿ ಉಪನ್ಯಾಸದ ಬರಹರೂಪ. ಉಪನ್ಯಾಸಕರು ವೃತ್ತಿಯಿಂದ ವೈದ್ಯರು.)



ವೈದ್ಯನೊಬ್ಬನನ್ನು ಕರೆದು ಶಿಕ್ಷಣದ ಚರಿತ್ರೆಯನ್ನು ಕುರಿತು ಮಾತನಾಡಬೇಕೆಂದು ಕೇಳಿದ ಸಮಿತಿಯವರ ಧೈರ್ಯವನ್ನು ಮೊದಲು ಮೆಚ್ಚಬೇಕು. ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದಿ, ಅಮೆರಿಕದಲ್ಲಿ ರೆಸಿಡೆನ್ಸಿ ಮುಗಿಸಿ, ಈ ಊರಿನಲ್ಲಿ ನೆಲೆಸಿದವನು ನಾನು. ಶಿಕ್ಷಣಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಈ ವಿಷಯವನ್ನು ಒಪ್ಪಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ನಮ್ಮ ಭಾನುವಾರದ ಕನ್ನಡ ತರಗತಿಯನ್ನು ಕಿಸುಮು, ಎಲ್ಡೊರೆಟ್, ಮೊಂಬಾಸಾಗಳಲ್ಲಿ ಚದುರಿರುವ ಕುಟುಂಬಗಳಿಗೂ ತಲುಪುವಂತೆ ಕಂಪ್ಯೂಟರಿನ ಮೂಲಕ ನಡೆಸಬೇಕೆಂಬ ಸೂಚನೆ ಸಮಿತಿಯ ಮುಂದಿದೆ. ಜೊತೆಗೆ, ಮಕ್ಕಳನ್ನು ಪೂರ್ಣಾವಧಿಯ ವರ್ಚುಯಲ್ ಶಾಲೆಗೇ ಸೇರಿಸಬಹುದೇ ಎಂದು ನಮ್ಮಲ್ಲಿ ಕೆಲವು ತಂದೆತಾಯಿಗಳು ನನ್ನನ್ನು ಕೇಳಿದ್ದಾರೆ. ಇದು ಮೊದಲನೆಯ ಕಾರಣ. ಎರಡನೆಯದನ್ನು ಮಾತಿನ ನಡುವೆ ನಿವೇದಿಸಿಕೊಳ್ಳುತ್ತೇನೆ.

ಪೂರ್ಣಾವಧಿ ದೂರಶಾಲೆ ಎಂದರೆ ಮಗು ಶಾಲೆಯ ಕಟ್ಟಡಕ್ಕೆ ಹೋಗದೆ ಇಡೀ ವರ್ಷದ ಪಾಠ, ಹಾಜರಿ, ಪರೀಕ್ಷೆ, ತೇರ್ಗಡೆ ಎಲ್ಲವನ್ನೂ ದೂರದಿಂದಲೇ ಪಡೆಯುವ ವ್ಯವಸ್ಥೆ. ಇದು ಕಂಪ್ಯೂಟರ್ ಯುಗದ ಶಿಶುವೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಇದರ ವಂಶಾವಳಿ ಅದಕ್ಕಿಂತ ಹಳೆಯದು. ಆ ವಂಶಾವಳಿಯ ಒಂದು ಮುಖ್ಯ ಕೊಂಡಿ ನಮ್ಮ ಕರ್ನಾಟಕದಲ್ಲಿಯೂ ಇನ್ನೊಂದು ನಾವು ಅನ್ನ ಉಣ್ಣುತ್ತಿರುವ ಈ ಕೀನ್ಯಾದಲ್ಲಿಯೂ ಇವೆ.

ಚರಿತ್ರೆಯನ್ನು ನನ್ನ ವೃತ್ತಿಗೆ ಹತ್ತಿರವಾದ ಸ್ಥಳದಿಂದಲೇ ಆರಂಭಿಸುತ್ತೇನೆ. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನೂರಾರು ಮೈಲಿ ಅಂತರ. ಅಲ್ಲಿ 1928ರಲ್ಲಿ ಜಾನ್ ಫ್ಲಿನ್ ಎಂಬ ಪಾದ್ರಿಯ ಪ್ರಯತ್ನದಿಂದ ವಿಮಾನದಲ್ಲಿ ಹಾರಿಬರುವ ವೈದ್ಯರ ಸೇವೆ ಮೊದಲಾಯಿತು. ವೈದ್ಯರನ್ನು ಕರೆಯಲು ಆಲ್ಫ್ರೆಡ್ ಟ್ರೇಗರ್ ಎಂಬವರು ಕಾಲಿನಿಂದ ತುಳಿದು ವಿದ್ಯುತ್ ಉತ್ಪಾದಿಸುವ ರೇಡಿಯೊ ಯಂತ್ರವನ್ನು ರೂಪಿಸಿಕೊಟ್ಟರು. ಕಾಯಿಲೆಯ ಸುದ್ದಿ ಹೇಳಲು ಮನೆಮನೆಗೆ ಬಂದಿದ್ದ ಈ ಯಂತ್ರದಿಂದ ಮಕ್ಕಳಿಗೆ ಪಾಠವನ್ನೂ ಏಕೆ ಹೇಳಬಾರದೆಂದು ಯೋಚಿಸಿದವರು ಅಡಿಲೇಡ್ ಮೀತ್ಕೆ ಎಂಬ ಶಿಕ್ಷಕಿ. ಅವರ ಯೋಚನೆಯ ಫಲವಾಗಿ 1951ರ ಜೂನ್ 8ರಂದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಆಕಾಶಶಾಲೆ ವಿಧ್ಯುಕ್ತವಾಗಿ ಆರಂಭವಾಯಿತು.

ಆ ಶಾಲೆ ಇಂದಿಗೂ ನಡೆಯುತ್ತಿದೆ. ರೇಡಿಯೊ ಹೋಗಿ ಉಪಗ್ರಹ ಮತ್ತು ಅಂತರಜಾಲ ಬಂದಿವೆ, ಆದರೆ ಶಾಲೆಯ ಚೌಕಟ್ಟು ಬದಲಾಗಿಲ್ಲ. ಪ್ರತಿ ಮನೆಯಲ್ಲೂ ಮಗುವಿನ ಪಕ್ಕದಲ್ಲಿ ಕುಳಿತು ಪಾಠ ಮಾಡಿಸುವ ಹಿರಿಯರೊಬ್ಬರು ಇರಲೇಬೇಕು. ಸಾಮಾನ್ಯವಾಗಿ ತಾಯಿ, ಇಲ್ಲವೆ ಇದಕ್ಕಾಗಿಯೇ ನೇಮಿಸಿಕೊಂಡ ಮನೆಪಾಠದವರು. ಬರೆದ ಉತ್ತರಗಳು ಶಾಲೆಗೆ ಹೋಗಿ, ತಿದ್ದಿ, ಮರಳಿ ಬರಬೇಕು. ಶಿಕ್ಷಕರು ಆಗಾಗ ಪ್ರಯಾಣ ಮಾಡಿ ಮಕ್ಕಳನ್ನು ಅವರವರ ಮನೆಯಲ್ಲೇ ಕಾಣಬೇಕು. ವರ್ಷದಲ್ಲಿ ಕೆಲವು ಬಾರಿ ಮಕ್ಕಳೆಲ್ಲರೂ ಪಟ್ಟಣಕ್ಕೆ ಬಂದು ಒಟ್ಟಿಗೆ ಕಲಿತು ಆಡಬೇಕು. ಈ ಅಂಶಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಹೇಳಲಿರುವ ಪ್ರಯೋಗಗಳನ್ನು ಇವುಗಳಿಂದಲೇ ಅಳೆಯಬಹುದಾಗಿದೆ.

ಇನ್ನು ಕೀನ್ಯಾಕ್ಕೆ ಬರೋಣ. 1957ರಲ್ಲಿ ಇದೇ ನೈರೋಬಿಯಲ್ಲಿ ಮೈಕೆಲ್ ವುಡ್ ಮತ್ತು ಅವರ ಇಬ್ಬರು ಶಸ್ತ್ರವೈದ್ಯ ಮಿತ್ರರು ಪೂರ್ವ ಆಫ್ರಿಕದ ಹಾರುವ ವೈದ್ಯರ ಸಂಸ್ಥೆಯನ್ನು ಕಟ್ಟಿದರು. ವಿಲ್ಸನ್ ವಿಮಾನ ನಿಲ್ದಾಣದಿಂದ ಇಂದಿಗೂ ಸೇವೆ ಸಲ್ಲಿಸುತ್ತಿರುವ ಆಮ್ರೆಫ್ ಸಂಸ್ಥೆ ಅದೇ. 1963ರ ಡಿಸೆಂಬರಿನಲ್ಲಿ ದೇಶ ಸ್ವತಂತ್ರವಾದಾಗ ಶಾಲೆಗಳಿಗೆ ಮಕ್ಕಳು ಹೊಳೆಯಂತೆ ಹರಿದುಬಂದರು. ಕಲಿಸುವವರಲ್ಲಿ ಅನೇಕರಿಗೆ ತರಬೇತಿಯೇ ಇರಲಿಲ್ಲ. ಅವರೆಲ್ಲರನ್ನೂ ತರಗತಿಯಿಂದ ಬಿಡಿಸಿ ತರಬೇತಿ ಕಾಲೇಜಿಗೆ ಕಳುಹಿಸಿದರೆ ಶಾಲೆಗಳನ್ನೇ ಮುಚ್ಚಬೇಕಾಗುತ್ತಿತ್ತು. ಆಗ ನೈರೋಬಿಯ ಹೊರವಲಯದ ಕಿಕುಯುವಿನಲ್ಲಿ, ಅಮೆರಿಕದ ನೆರವು ಹಾಗೂ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಹಕಾರದಿಂದ, ಅಂಚೆ ಶಿಕ್ಷಣದ ಘಟಕವೊಂದು ರೂಪುಗೊಂಡಿತು. 1960ರ ದಶಕದ ಕೊನೆಯಲ್ಲಿ ಅದರ ಪಾಠಗಳು ಮೊದಲಾದವು. ಅಚ್ಚಾದ ಪಾಠದ ಪುಸ್ತಿಕೆಗಳು ಅಂಚೆಯಲ್ಲಿ ಹೋಗುತ್ತಿದ್ದವು, ಅದೇ ಪಾಠಕ್ಕೆ ಪೂರಕವಾದ ಮಾತು ವಾಯ್ಸ್ ಆಫ್ ಕೀನ್ಯಾ ರೇಡಿಯೊದಲ್ಲಿ ಕೇಳಿಬರುತ್ತಿತ್ತು. ಶಿಕ್ಷಕರು ಬರೆದು ಕಳುಹಿಸಿದ ಉತ್ತರಗಳನ್ನು ತಿದ್ದಿ ಮರಳಿಸುತ್ತಿದ್ದರು. ಶಾಲೆಗೆ ರಜೆ ಬಂದಾಗ ಅವರೆಲ್ಲ ಒಂದೆಡೆ ಸೇರಿ ಕೆಲವು ದಿನ ತರಬೇತಿ ಪಡೆಯುತ್ತಿದ್ದರು. ಹಗಲು ತಾವು ಕಲಿಸುತ್ತ, ರಾತ್ರಿ ಲಾಂದ್ರದ ಬೆಳಕಿನಲ್ಲಿ ತಾವೇ ವಿದ್ಯಾರ್ಥಿಗಳಾಗಿ ಕುಳಿತ ಆ ಶಿಕ್ಷಕರನ್ನು ನಾವು ಗೌರವದಿಂದ ಸ್ಮರಿಸಬೇಕು.

ಇದೇ ಕಾಲದಲ್ಲಿ, 1969ರಲ್ಲಿ, ಮೈಸೂರು ವಿಶ್ವವಿದ್ಯಾಲಯವೂ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು. ಕೆಲಸಕ್ಕೆ ಸೇರಿ ಓದು ನಿಲ್ಲಿಸಿದ್ದ ಗುಮಾಸ್ತರು, ಮದುವೆಯಾಗಿ ಮನೆಯಲ್ಲಿದ್ದ ಹೆಣ್ಣುಮಕ್ಕಳು ಪದವೀಧರರಾದದ್ದು ಅದರಿಂದಲೇ. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನಿಯಮಗಳ ವಿವಾದದಿಂದ 2013-14ರ ಸಾಲಿನಿಂದ ಅದರ ಮಾನ್ಯತೆ ರದ್ದಾಗಿ, 2018ರಲ್ಲಿ ಮರಳಿ ದೊರೆತ ಸಂಗತಿಯೂ ಇತಿಹಾಸಕ್ಕೆ ಸೇರಿದೆ. ದೂರಶಿಕ್ಷಣದಲ್ಲಿ ಪಾಠದ ಗುಣ ಎಷ್ಟು ಮುಖ್ಯವೋ ಪ್ರಮಾಣಪತ್ರದ ಹಿಂದಿರುವ ಅಧಿಕಾರವೂ ಅಷ್ಟೇ ಮುಖ್ಯ. ಮಾನ್ಯತೆ ಅಲುಗಿದರೆ ಕಷ್ಟ ಬರುವುದು ಓದಿದವರಿಗೆ.

ಈಗ ನನ್ನ ಎರಡನೆಯ ಕಾರಣಕ್ಕೆ ಬರುತ್ತೇನೆ. ನಾನು ಹುಟ್ಟಿದ್ದು ಅಂದಿನ ಬಿಜಾಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ. 1975ರಲ್ಲಿ ನನಗೆ ಆರು ವರ್ಷ. ಆ ವರ್ಷದ ಆಗಸ್ಟ್ 1ರಂದು ಭಾರತದಲ್ಲಿ ಉಪಗ್ರಹ ಶಿಕ್ಷಣ ದೂರದರ್ಶನ ಪ್ರಯೋಗ, ಅಂದರೆ ಸೈಟ್, ಆರಂಭವಾಯಿತು. ವಿಕ್ರಮ ಸಾರಾಭಾಯಿಯವರು ಕಂಡ ಕನಸು ಅದು. ಅವರು 1971ರಲ್ಲಿಯೇ ತೀರಿಕೊಂಡಿದ್ದರು. ಅಹಮದಾಬಾದಿನ ಬಾಹ್ಯಾಕಾಶ ಉಪಯೋಗ ಕೇಂದ್ರದ ನಿರ್ದೇಶಕರಾಗಿದ್ದ ಪ್ರೊ. ಯಶಪಾಲ್ ಅವರು ಅದನ್ನು ಕಾರ್ಯರೂಪಕ್ಕೆ ತಂದರು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ದೂರದರ್ಶನ ಪೆಟ್ಟಿಗೆಗಳನ್ನು ಇಡಲಾಯಿತು. ಕರ್ನಾಟಕದಲ್ಲಿ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳು. ಬೆಂಗಳೂರಿನ ಮಕ್ಕಳು ದೂರದರ್ಶನವನ್ನು ಕಾಣುವ ಮೊದಲೇ ನಮ್ಮ ಬಯಲುಸೀಮೆಯ ಮಕ್ಕಳು ಅದನ್ನು ಕಂಡರೆಂಬುದು ನಮಗೆ ಇಂದಿಗೂ ಹೆಮ್ಮೆಯ ವಿಷಯ.

ನಮ್ಮ ಹಳ್ಳಿಗೂ ಒಂದು ಪೆಟ್ಟಿಗೆ ಬಂತು. ಶಾಲೆಯ ಅಂಗಳದಲ್ಲಿ ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ದೊಡ್ಡ ಛತ್ರಿಯನ್ನು ಮುಗಿಲಿಗೆ ಮುಖಮಾಡಿ ನಿಲ್ಲಿಸಿದರು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ, ಸಂಜೆ ದೊಡ್ಡವರಿಗೆ ಒಕ್ಕಲುತನ ಮತ್ತು ಆರೋಗ್ಯದ ವಿಷಯ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಕಾರ್ಯಕ್ರಮ ಮುಗಿದ ಕೂಡಲೇ ನಮ್ಮ ಮಾಸ್ತರು ಪೆಟ್ಟಿಗೆಯ ಗುಂಡಿ ತಿರುವಿ, ನಮ್ಮತ್ತ ತಿರುಗಿ, “ಈಗ ಏನೇನು ನೋಡಿದ್ರಿ, ಒಬ್ಬೊಬ್ರೇ ಹೇಳ್ರಲೇ” ಎನ್ನುತ್ತಿದ್ದರು. ನಾವು ಎದ್ದು ನಿಂತು ಹೇಳಬೇಕು. ತಪ್ಪಿದರೆ ಪಕ್ಕದವನು ತಿದ್ದಬೇಕು. ಹೇಳಿದ್ದರಲ್ಲಿ ಒಂದು ಮಾತನ್ನು ಅವರು ಕರಿಹಲಗೆಯ ಮೇಲೆ ಬರೆಯುವರು. ನಾನು ಓದಲು ಕಲಿತದ್ದು ಹೆಚ್ಚಾಗಿ ಆ ಮಾತುಗಳಿಂದ.

1976ರ ಜುಲೈ 31ರಂದು ಪ್ರಯೋಗ ಮುಗಿಯಿತು. ಉಪಗ್ರಹ ನಮ್ಮದಾಗಿರಲಿಲ್ಲ. ಎಟಿಎಸ್-6 ಎಂಬ ಅದು ಅಮೆರಿಕದ ನಾಸಾ ಸಂಸ್ಥೆ ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕೊಟ್ಟಿದ್ದ ಎರವಲು. ಅವಧಿ ತೀರಿತು, ಅದು ಹೊರಟುಹೋಯಿತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರಕವೊಂದು ಆರಂಭವಾಯಿತಾದರೂ ಅದರ ಅಲೆ ನಮ್ಮ ಹಳ್ಳಿಯವರೆಗೆ ಬರಲಿಲ್ಲ. ಆಗಸ್ಟ್ ತಿಂಗಳಲ್ಲಿ ಎಷ್ಟೋ ದಿನ ನಾವು ಬೆಳಿಗ್ಗೆ ಬೇಗನೆ ಹೋಗಿ ಆ ಪೆಟ್ಟಿಗೆಯ ಮುಂದೆ ಕುಳಿತೆವು. ಕೊನೆಗೆ ಮಾಸ್ತರು ಅದರ ಮೇಲೊಂದು ಬಟ್ಟೆ ಹೊದಿಸಿದರು. ಆದರೆ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುವ ಪದ್ಧತಿಯನ್ನು ಅವರು ಬಿಡಲಿಲ್ಲ. ದಾರಿಯಲ್ಲಿ ಏನು ಕಂಡಿರಿ, ಹೊಲದಲ್ಲಿ ಏನು ಕಂಡಿರಿ ಎಂದು ಕೇಳಿ, ಹಲಗೆಯ ಮೇಲೆ ಬರೆಯುತ್ತ ಹೋದರು.

ಈ ಊರಿಗೆ ಬಂದ ಎಷ್ಟೋ ವರ್ಷಗಳ ಮೇಲೆ ನನಗೊಂದು ವಿಷಯ ತಿಳಿಯಿತು. ಭಾರತವನ್ನು ನೋಡುವಂತೆ ಆ ಉಪಗ್ರಹವನ್ನು ಭೂಮಧ್ಯರೇಖೆಯ ಮೇಲೆ, ಪೂರ್ವ ರೇಖಾಂಶ 35 ಡಿಗ್ರಿಯಲ್ಲಿ, ಸುಮಾರು 36,000 ಕಿಲೊಮೀಟರ್ ಎತ್ತರದಲ್ಲಿ ನಿಲ್ಲಿಸಿದ್ದರು. ಭೂಪಟದಲ್ಲಿ ಆ ಬಿಂದುವನ್ನು ಹುಡುಕಿದರೆ ಸಿಗುವುದು ಪಶ್ಚಿಮ ಕೀನ್ಯಾ, ಕಿಸುಮುವಿಗೆ ಅನತಿದೂರದ ನೆಲ. ಬಿಜಾಪುರದ ಬಿಸಿಲಿನಲ್ಲಿ ಕುಳಿತಿದ್ದ ನನಗೆ ಕನ್ನಡದ ಪಾಠ ಬಂದದ್ದು ಕೀನ್ಯಾದ ಆಕಾಶದಿಂದ. ಈ ದೇಶಕ್ಕೂ ನನಗೂ ಋಣಾನುಬಂಧ ಯಾವಾಗ ಮೊದಲಾಯಿತೆಂದು ಯಾರಾದರೂ ಕೇಳಿದರೆ ನಾನು ಈಗ 1975 ಎಂದೇ ಹೇಳುತ್ತೇನೆ.

ಸೈಟ್ ಪ್ರಯೋಗದ ಫಲವನ್ನು ಸಮಾಜಶಾಸ್ತ್ರಜ್ಞರು ಶ್ರದ್ಧೆಯಿಂದ ಅಳೆದರು. ಮಕ್ಕಳ ಭಾಷೆ ಮತ್ತು ಕುತೂಹಲ ಬೆಳೆದಿದ್ದವು. ಆದರೆ ಶಾಲೆ ಬಿಡುವ ಮಕ್ಕಳ ಸಂಖ್ಯೆಯ ಮೇಲೆ ದೊಡ್ಡ ಪರಿಣಾಮ ಕಾಣಲಿಲ್ಲ. ಕೂಲಿಗೆ ಹೋಗಬೇಕಾದ ಮಗುವನ್ನು ಪೆಟ್ಟಿಗೆಯೊಂದು ತಡೆದು ನಿಲ್ಲಿಸಲಾರದು. ಮುಂದೆ 2004ರ ಸೆಪ್ಟೆಂಬರ್ 20ರಂದು ಭಾರತವು ಶಿಕ್ಷಣಕ್ಕೆಂದೇ ಎಡುಸ್ಯಾಟ್ ಎಂಬ ತನ್ನದೇ ಉಪಗ್ರಹವನ್ನು ಹಾರಿಸಿತು. ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಅದಕ್ಕೆ ಜೋಡಿಸುವ ಯೋಜನೆ ನಡೆಯಿತು. 2010ರಲ್ಲಿ ಆ ಉಪಗ್ರಹದ ಆಯುಷ್ಯವೂ ತೀರಿತು. ಸ್ವಂತದ ಸಾಧನಕ್ಕೂ ಸಾವಿದೆ. ಆದುದರಿಂದ ಮುಂದಿನದಕ್ಕೆ ಹಣ ತೆಗೆದಿಡದೆ ಶಾಲೆ ತೆರೆಯಬಾರದು.

ಕೀನ್ಯಾದಲ್ಲಿ 1980ರಿಂದ 1985ರವರೆಗೆ ಇನ್ನೊಂದು ಪ್ರಯೋಗ ನಡೆಯಿತು. ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಪ್ರತಿದಿನ ಅರ್ಧ ಗಂಟೆ ರೇಡಿಯೊದಲ್ಲಿ ಇಂಗ್ಲಿಷ್ ಕಲಿಸುವುದು ಅದರ ಉದ್ದೇಶ. ರೇಡಿಯೊದ ಧ್ವನಿ ಪ್ರಶ್ನೆ ಕೇಳಿ ಕೆಲವು ಕ್ಷಣ ಸುಮ್ಮನಾಗುತ್ತದೆ, ಮಕ್ಕಳು ಆ ವಿರಾಮದಲ್ಲಿ ಗಟ್ಟಿಯಾಗಿ ಉತ್ತರಿಸುತ್ತಾರೆ, ಆಮೇಲೆ ಧ್ವನಿ ಸರಿಯುತ್ತರವನ್ನು ಹೇಳುತ್ತದೆ. ತರಗತಿಯ ಶಿಕ್ಷಕರು ಜೊತೆಯಲ್ಲಿದ್ದು ನಡೆಸುತ್ತಾರೆ. ಏಕಮುಖವಾದ ಯಂತ್ರದ ಮುಂದೆಯೂ ಮಗು ಬಾಯಿ ತೆರೆಯಬೇಕೆಂಬ ತತ್ತ್ವ ಅದರ ತಿರುಳು. ನಮ್ಮ ಮಾಸ್ತರು ತಾವಾಗಿಯೇ ಕಂಡುಕೊಂಡದ್ದೂ ಅದನ್ನೇ.

ಇಂದಿನ ಅರ್ಥದ ವರ್ಚುಯಲ್ ಶಾಲೆಯನ್ನು ಶಾಲಾ ಜಿಲ್ಲೆಗಳೇ ಕಟ್ಟಿದ ಪ್ರಸಿದ್ಧ ಉದಾಹರಣೆ ಅಮೆರಿಕದ ಫ್ಲಾರಿಡಾ. ಆರೆಂಜ್ ಮತ್ತು ಅಲಾಚುವಾ ಎಂಬ ಎರಡು ಕೌಂಟಿಗಳ ಶಾಲಾ ಜಿಲ್ಲೆಗಳು ರಾಜ್ಯದಿಂದ 2 ಲಕ್ಷ ಡಾಲರ್ ಅನುದಾನ ಪಡೆದು ಸಿದ್ಧತೆ ನಡೆಸಿ, 1997ರಲ್ಲಿ ಶಾಲೆಯನ್ನು ಆರಂಭಿಸಿದವು. ಮುಂದೆ ಅದು ಇಡೀ ರಾಜ್ಯದ ಸಂಸ್ಥೆಯಾಯಿತು. ವಿದ್ಯಾರ್ಥಿ ಹೆಸರು ನೋಂದಾಯಿಸಿದರೆ ಸಾಲದು, ವಿಷಯವನ್ನು ಯಶಸ್ವಿಯಾಗಿ ಮುಗಿಸಿದರೆ ಮಾತ್ರ ಶಾಲೆಗೆ ಅದರ ಹಣ ಸಲ್ಲಬೇಕೆಂಬ ನಿಯಮವನ್ನು ಅಲ್ಲಿ ತಂದದ್ದು ಗಮನಾರ್ಹ. 2009-10ರ ಸಾಲಿನಿಂದ ಪ್ರತಿಯೊಂದು ಶಾಲಾ ಜಿಲ್ಲೆಯೂ ಮಕ್ಕಳಿಗೆ ಪೂರ್ಣಾವಧಿಯ ವರ್ಚುಯಲ್ ಶಿಕ್ಷಣದ ಅವಕಾಶ ಕಲ್ಪಿಸಬೇಕೆಂದು ಆ ರಾಜ್ಯ ಕಾನೂನು ಮಾಡಿತು. ಇನ್ನೊಂದು ಮುಖವನ್ನೂ ಮರೆಮಾಚಬಾರದು. ಅಮೆರಿಕದ ಆನ್‌ಲೈನ್ ಚಾರ್ಟರ್ ಶಾಲೆಗಳನ್ನು ಕುರಿತು ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೀಡೊ ಕೇಂದ್ರ 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಲ್ಲಿನ ಮಕ್ಕಳು ಸಾಮಾನ್ಯ ಶಾಲೆಗಳ ಸಮಾನ ಮಕ್ಕಳಿಗಿಂತ ವರ್ಷವೊಂದರಲ್ಲಿ ಗಣಿತದಲ್ಲಿ 180 ದಿನಗಳಷ್ಟು, ಓದಿನಲ್ಲಿ 72 ದಿನಗಳಷ್ಟು ಕಲಿಕೆಯಲ್ಲಿ ಹಿಂದುಳಿದಿದ್ದರು. ಶಾಲಾ ವರ್ಷವೇ ಸುಮಾರು 180 ದಿನಗಳದು. ಅಂದರೆ ಗಣಿತದ ಮಟ್ಟಿಗೆ ಒಂದು ವರ್ಷವೇ ನಷ್ಟ.

ನನ್ನ ವೃತ್ತಿಯಿಂದಲೂ ಒಂದು ನಿದರ್ಶನವಿದೆ. 2005ರಲ್ಲಿ ಆಮ್ರೆಫ್ ಸಂಸ್ಥೆ ಕೀನ್ಯಾದ ನರ್ಸಿಂಗ್ ಕೌನ್ಸಿಲ್‌ನೊಡನೆ ಸೇರಿ, ಕೆಳದರ್ಜೆಯ ತರಬೇತಿ ಪಡೆದಿದ್ದ ಸಾವಿರಾರು ದಾದಿಯರನ್ನು ಕಂಪ್ಯೂಟರ್ ಮೂಲಕ ಕಲಿಸಿ ಮೇಲ್ದರ್ಜೆಗೆ ಏರಿಸುವ ಕಾರ್ಯಕ್ರಮವನ್ನು ಆರಂಭಿಸಿತು. ಅದು ಫಲ ಕೊಟ್ಟಿತು. ಆದರೆ ಶಾಸ್ತ್ರಭಾಗ ಮಾತ್ರ ಕಂಪ್ಯೂಟರಿನಲ್ಲಿ, ಕೈಕೆಲಸವೆಲ್ಲ ಆಸ್ಪತ್ರೆಯ ವಾರ್ಡಿನಲ್ಲಿ ಮೇಲ್ವಿಚಾರಕರ ಕಣ್ಣೆದುರಿನಲ್ಲಿ. ದೂರದ ಆಸ್ಪತ್ರೆಯ ಎಕ್ಸ್‌ರೇ ಚಿತ್ರವನ್ನು ನಾನು ಇಲ್ಲಿಂದಲೇ ಓದಬಲ್ಲೆ. ಹೊಟ್ಟೆನೋವೆಂದು ಬಂದವನ ಹೊಟ್ಟೆಯನ್ನು ಮಾತ್ರ ಕೈಯಿಟ್ಟೇ ನೋಡಬೇಕು. ಕಲಿಕೆಯಲ್ಲಿಯೂ ಯಾವುದನ್ನು ದೂರದಿಂದ ಕೊಡಬಹುದು, ಯಾವುದಕ್ಕೆ ಕೈ ಬೇಕು ಎಂಬ ವಿವೇಚನೆ ಮೊದಲೇ ಆಗಬೇಕು.

2020 ಈ ವಿವೇಚನೆಗೆ ಕಾಲಾವಕಾಶ ಕೊಡಲಿಲ್ಲ. ಮಾರ್ಚ್ ಮಧ್ಯಭಾಗದಲ್ಲಿ ಕೀನ್ಯಾದ ಶಾಲೆಗಳೆಲ್ಲ ಮುಚ್ಚಿದವು. ಸರ್ಕಾರದ ಪಠ್ಯಕ್ರಮ ಸಂಸ್ಥೆ ರೇಡಿಯೊ, ದೂರದರ್ಶನ ಮತ್ತು ಅಂತರಜಾಲದಲ್ಲಿ ಪಾಠ ಪ್ರಸಾರ ಮಾಡಿತು. ಜುಲೈ ತಿಂಗಳಲ್ಲಿ ಪಶ್ಚಿಮ ಮತ್ತು ಮಧ್ಯ ಕೀನ್ಯಾದ ಮೇಲೆ ಲೂನ್ ಎಂಬ ಅಮೆರಿಕನ್ ಸಂಸ್ಥೆಯ ಬಲೂನುಗಳು ತೇಲುತ್ತ ಅಂತರಜಾಲ ಒದಗಿಸತೊಡಗಿದವು. 2021ರ ಜನವರಿಯಲ್ಲಿಯೇ ಆ ಉದ್ಯಮವನ್ನು ಮುಚ್ಚುವುದಾಗಿ ಅದರ ಮಾತೃಸಂಸ್ಥೆ ಸಾರಿತು. ಬಟ್ಟೆ ಹೊದಿಸಿದ ನಮ್ಮ ಪೆಟ್ಟಿಗೆ ನನಗೆ ಮತ್ತೆ ನೆನಪಾಯಿತು. ಅಷ್ಟರಲ್ಲಿ, 2020ರ ಜುಲೈ ತಿಂಗಳಲ್ಲೇ, ಆ ಶೈಕ್ಷಣಿಕ ವರ್ಷ ನಷ್ಟವಾಯಿತೆಂದು ಇಲ್ಲಿನ ಸರ್ಕಾರ ಘೋಷಿಸಿತ್ತು. ಅಕ್ಟೋಬರ್ 12ರಂದು ಮೂರು ತರಗತಿಗಳು, 2021ರ ಜನವರಿ 4ರಂದು ಉಳಿದವು ತೆರೆದವು.

ಕರ್ನಾಟಕದಲ್ಲಿ ಅದೇ ಜೂನ್ ತಿಂಗಳಲ್ಲಿ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು, ಜುಲೈ 8ರಂದು ಉಚ್ಚ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು. ಚಂದನ ವಾಹಿನಿಯಲ್ಲಿ ಸಂವೇದ ಪಾಠಗಳು ಬಂದವು. ಆಗಸ್ಟ್ ತಿಂಗಳಲ್ಲಿ ವಿದ್ಯಾಗಮ ಆರಂಭವಾಗಿ, ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಹೊಸ ವರ್ಷದಲ್ಲಿ ಮತ್ತೆ ಮೊದಲಾಯಿತು.

ನಮ್ಮ ಮನೆಯ ವಿಷಯವನ್ನೂ ಸಂಕೋಚ ಬಿಟ್ಟು ಹೇಳಬೇಕು. ಆಗ ನನ್ನ ಮಗಳಿಗೆ ಹನ್ನೆರಡು ವರ್ಷ. ಅವಳ ಶಾಲೆ ಪೂರ್ಣಾವಧಿ ಕಂಪ್ಯೂಟರಿನಲ್ಲೇ ನಡೆಯುತ್ತಿತ್ತು. ಒಳ್ಳೆಯ ಯಂತ್ರ, ಒಳ್ಳೆಯ ಸಂಪರ್ಕ, ಪ್ರತ್ಯೇಕ ಕೋಣೆ ಎಲ್ಲವನ್ನೂ ಒದಗಿಸಿದ್ದೆ. ನಾನು ಹಗಲಿರುಳು ಆಸ್ಪತ್ರೆಯಲ್ಲಿರುತ್ತಿದ್ದೆ, ಮನೆಯವರೂ ಕೆಲಸಕ್ಕೆ ಹೋಗುತ್ತಿದ್ದರು. ಮೂರು ತಿಂಗಳು ಕಳೆದ ಮೇಲೆ ಒಂದು ರಾತ್ರಿ ಅವಳ ಪುಸ್ತಕಗಳನ್ನು ತೆರೆದು ನೋಡಿದರೆ ಏಪ್ರಿಲ್‌ನಿಂದೀಚೆಗೆ ಒಂದಕ್ಷರವೂ ಇರಲಿಲ್ಲ. ಹಾಜರಿಯ ಪಟ್ಟಿಯಲ್ಲಿ ಅವಳು ಒಂದು ದಿನವೂ ತಪ್ಪಿರಲಿಲ್ಲ. ಬೆಳಿಗ್ಗೆ ಗುಂಡಿ ಒತ್ತಿ, ಕ್ಯಾಮೆರಾ ಮುಚ್ಚಿ, ಮತ್ತೆ ಮಲಗುತ್ತಿದ್ದಳು. ಬೈಯಲು ಬಾಯಿ ತೆರೆದವನಿಗೆ ಅವಳು, “ಅಪ್ಪಾಜಿ, ನನ್ನನ್ನ ಯಾರೂ ಏನೂ ಕೇಳ್ತಾನೇ ಇರಲಿಲ್ಲ” ಎಂದಳು. ಎಷ್ಟೋ ರೋಗಿಗಳ ನಾಡಿ ಹಿಡಿದು ನೋಡಿದವನು ನಾನು, ನನ್ನ ಮಗಳ ಮೂರು ತಿಂಗಳ ಮೌನವನ್ನು ಗಮನಿಸಿರಲಿಲ್ಲ. ಅಂದಿನಿಂದ ಎಷ್ಟೇ ತಡವಾಗಿ ಬಂದರೂ ಅವಳ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಇವತ್ತು ಏನು ಕಲಿತೆ ಹೇಳು ಎಂದು ಕೇಳತೊಡಗಿದೆ. ಕಲಿಕೆ ನಿಧಾನವಾಗಿ ಹಳಿಗೆ ಬಂತು.

ಈ ಎಲ್ಲ ಚರಿತ್ರೆಯಿಂದ, ದೂರಶಾಲೆ ಕಟ್ಟುವವರು ಮೊದಲೇ ಉತ್ತರಿಸಬೇಕಾದ ಪ್ರಶ್ನೆಗಳು ಐದೆಂದು ನನಗೆ ತೋರುತ್ತದೆ. ಸಾಧನ ಯಾರದು, ಎಷ್ಟು ಕಾಲ ಇರುತ್ತದೆ? ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವ ಹಿರಿಯರು ಯಾರು? ಮಗುವಿನ ಉತ್ತರ ಗುರುಗಳನ್ನು ಹೇಗೆ ತಲುಪುತ್ತದೆ, ಎಷ್ಟು ದಿನದಲ್ಲಿ ತಿದ್ದಿ ಮರಳುತ್ತದೆ? ಮಕ್ಕಳು ಮುಖಾಮುಖಿ ಕೂಡುವುದು ಯಾವಾಗ? ಪರೀಕ್ಷೆಗೂ ಪ್ರಮಾಣಪತ್ರಕ್ಕೂ ಹೊಣೆ ಯಾರು? ಕೇಳಿದ ತಂದೆತಾಯಿಗಳಿಗೆ ನನ್ನ ಉತ್ತರವೂ ಇದರಲ್ಲೇ ಇದೆ. ಹಗಲಿನಲ್ಲಿ ಮನೆಯಲ್ಲಿ ಹಿರಿಯರೊಬ್ಬರು ಇರುವುದು ಸಾಧ್ಯವಿಲ್ಲವಾದರೆ ಚಿಕ್ಕ ಮಕ್ಕಳನ್ನು ಪೂರ್ಣಾವಧಿ ವರ್ಚುಯಲ್ ಶಾಲೆಗೆ ಸೇರಿಸಬೇಡಿ. ಕಾಯಿಲೆಯ ಮಗು, ಶಾಲೆಯಿಲ್ಲದ ಊರಿನ ಮಗು, ಪದೇಪದೇ ವರ್ಗವಾಗುವ ಕುಟುಂಬದ ಮಗುವಿಗೆ ಅದು ವರದಾನವಾಗಬಲ್ಲುದು.

ನಮ್ಮ ಕನ್ನಡ ತರಗತಿಯ ಮಟ್ಟಿಗೆ ಸಮಿತಿಯವರಲ್ಲಿ ನನ್ನ ವಿನಂತಿ ಇಷ್ಟೆ. ಕಂಪ್ಯೂಟರಿನ ಮೂಲಕ ನಡೆಸಿರಿ, ಆದರೆ ಒಬ್ಬ ಶಿಕ್ಷಕರಿಗೆ ಆರೇಳು ಮಕ್ಕಳಿಗಿಂತ ಹೆಚ್ಚು ಬೇಡ. ಪ್ರತಿ ಮಗುವೂ ಪ್ರತಿ ಭಾನುವಾರ ಒಂದು ಸಲವಾದರೂ ಕನ್ನಡದಲ್ಲಿ ಗಟ್ಟಿಯಾಗಿ ಮಾತನಾಡಲಿ. ಬರೆದದ್ದು ಮುಂದಿನ ಭಾನುವಾರದೊಳಗೆ ತಿದ್ದಿ ಹೋಗಲಿ. ಪಾಠಗಳ ಅಚ್ಚಾದ ಪ್ರತಿ ಪ್ರತಿಯೊಂದು ಮನೆಯಲ್ಲೂ ಇರಲಿ, ಸಂಪರ್ಕ ಕಡಿದರೂ ಪಾಠ ನಿಲ್ಲದಿರಲಿ. ವರ್ಷಕ್ಕೆ ಎರಡು ಸಲ, ಯುಗಾದಿಗೂ ರಾಜ್ಯೋತ್ಸವಕ್ಕೂ, ಮಕ್ಕಳೆಲ್ಲ ಇಲ್ಲಿಗೆ ಬರಲಿ. ದೂರದಿಂದ ಬಂದವರಿಗೆ ನಮ್ಮ ನಮ್ಮ ಮನೆಗಳಲ್ಲಿ ಇಳಿದುಕೊಳ್ಳಲು ಏರ್ಪಾಡಾಗಲಿ. ಕಿಸುಮುವಿನ ಮಕ್ಕಳಿಗೆ ಪಾಠ ಹೇಳುವ ಪಾಳಿ ನನಗಿರಲಿ. ಅಲ್ಲಿನ ಆಕಾಶದ ಋಣ ನನ್ನ ಮೇಲಿದೆ.